ತೆಂಗಿಗೆ ಮಸಿ, ಸಸಿಗೆ ಶಂಖದ ಹುಳು: ತೋಟಕ್ಕೆ ಹೊಸ ಪೀಡೆ ಬಂದಾಗ ಎಲ್ಲಿಂದ ಹುಡುಕಬೇಕು

ಕುಮಟೆಯಲ್ಲಿರುವ ಅಕ್ಕ ಒಂದು ಏಪ್ರಿಲ್ ಬೆಳಿಗ್ಗೆ ಫೋನ್ ಮಾಡಿದಳು. "ತಮ್ಮಾ, ತೆಂಗಿನ ಮರಕ್ಕೆಲ್ಲ ಮಸಿ ಹಿಡಿದಿದೆ. ಮದ್ದು ಹೊಡೆಯುವವರಿಗೆ ನಾಳೆ ಬರಲು ಹೇಳಿದ್ದೇನೆ. ಯಾವ ಮದ್ದು ತರಿಸಲಿ?" ನಾನು ಹೇಳಿದ್ದು ಇಷ್ಟೇ: "ಅವರಿಗೆ ಒಂದು ವಾರ ತಡೆಯಲು ಹೇಳು. ನಾನು ಶಿರಸಿಯಿಂದ ಬಂದು ಒಮ್ಮೆ ಎಲೆ ತಿರುಗಿಸಿ ನೋಡುತ್ತೇನೆ."

ತೋಟದ ತೊಂದರೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಹಳ ಸಲ ಪರಿಣಾಮ ಮಾತ್ರ, ಕಾರಣ ಬೇರೆಲ್ಲೋ ಇರುತ್ತದೆ. ಅದರಲ್ಲೂ ಹೊರದೇಶದಿಂದ ಬಂದ ಕೀಟ, ಹುಳು, ಕಳೆಗಳ ವಿಷಯದಲ್ಲಿ ಅಜ್ಜನ ಕಾಲದ ಅನುಭವ ನಮ್ಮ ಕೈ ಹಿಡಿಯುವುದಿಲ್ಲ. ಅಜ್ಜ ಅವುಗಳನ್ನು ನೋಡಿಯೇ ಇರಲಿಲ್ಲ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಜನ ಹೆಚ್ಚಾಗಿ ಕೇಳುವ ಲಕ್ಷಣಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಮದ್ದು ಕೊನೆಗೆ.

ಕೈಯಲ್ಲಿ ಇರಬೇಕಾದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಭೂತಗನ್ನಡಿ, ಟಾರ್ಚ್, ಚಾಕು, ಮುಚ್ಚಳವಿರುವ ಬಾಟಲಿ, ಫೋಟೋ ತೆಗೆಯಲು ಮೊಬೈಲ್.

ಲಕ್ಷಣ: ಗರಿಯ ಮೇಲೆ ಕಪ್ಪು ಮಸಿ, ಕೆಳಗಿನ ಬಾಳೆಯ ಎಲೆಯೂ ಅಂಟಂಟು

ಮೊದಲು ಎಲೆಯನ್ನು ಬೆರಳಿನಿಂದ ಉಜ್ಜಿ. ಮಸಿ ಬೆರಳಿಗೆ ಹತ್ತಿ ಬಂದು, ಅಡಿಯಲ್ಲಿ ಎಲೆ ಹಸಿರಾಗಿಯೇ ಕಂಡರೆ ಅದು ಎಲೆಗೆ ಬಂದ ರೋಗವಲ್ಲ. ಎಲೆಯ ಮೇಲೆ ಬಿದ್ದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಈ ಬೂಷ್ಟಿಗೆ ಶಿಲೀಂಧ್ರನಾಶಕ ಹೊಡೆದರೆ ಹಣ ಹೋಗುತ್ತದೆ, ಅಂಟು ಸುರಿಯುವುದು ನಿಲ್ಲುವುದಿಲ್ಲ. ಬಾಳೆ, ಮೆಣಸು, ಪೇರಲೆಯ ಎಲೆ ಕಪ್ಪಾಗಿದ್ದರೆ ಆ ಗಿಡವನ್ನು ದೂರುವ ಮೊದಲು ನೇರ ಮೇಲೆ ಯಾವ ತೆಂಗಿನ ಗರಿ ಚಾಚಿದೆ ಎಂದು ತಲೆಯೆತ್ತಿ ನೋಡಿ.

ಆಮೇಲೆ ಗರಿಯ ಅಡಿಭಾಗ ತಿರುಗಿಸಿ. ಯಾರೋ ಸುಣ್ಣದಲ್ಲಿ ಬೆರಳದ್ದಿ ಸುರುಳಿ ಬರೆದಂತೆ ಬಿಳಿ ಮೇಣದ ಗೆರೆಗಳು, ಮುಟ್ಟಿದರೆ ಹಾರುವ ಬಿಳಿ ನೊಣಗಳು ಕಂಡರೆ ಕಾರಣ ಸಿಕ್ಕಿತು. ಇದು ಸುರುಳಿ ಸುತ್ತುವ ಬಿಳಿನೊಣ. ಮಧ್ಯ ಅಮೆರಿಕ ಕಡೆಯ ಕೀಟ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಮತ್ತು ಕೇರಳದ ಪಾಲಕ್ಕಾಡ್ ಭಾಗದಲ್ಲಿ. ಸುಮಾರು ಎರಡೂವರೆ ಮಿಲಿಮೀಟರ್ ಇರುವ ಇದು ತರಕಾರಿಯ ಮೇಲೆ ಕಾಣುವ ಸಾಮಾನ್ಯ ಬಿಳಿನೊಣಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಎಲೆಯ ರಸ ಹೀರಿ, ಜೀರ್ಣವಾಗದ ಸಕ್ಕರೆಯನ್ನು ಹನಿಹನಿಯಾಗಿ ಕೆಳಗೆ ಬಿಡುತ್ತದೆ. ಮಸಿಗೆ ಅದೇ ಆಹಾರ.

ಇಲ್ಲಿಯವರೆಗೆ ಬಂದವರೆಲ್ಲ ಮದ್ದಿನಂಗಡಿಗೆ ಹೊರಡುತ್ತಾರೆ. ಹೊರಡುವ ಮೊದಲು ಭೂತಗನ್ನಡಿ ಹಿಡಿದು ಇನ್ನೊಂದು ನೋಟ ನೋಡಬೇಕು. ಅಕ್ಕನ ಮನೆಯ ಬಾವಿಕಟ್ಟೆಯ ಪಕ್ಕದ ಗಿಡ್ಡ ಮರದ ಕೆಳಗರಿಯನ್ನು ಬಾಗಿಸಿ ನಾವು ನೋಡಿದ್ದು ಅದನ್ನೇ. ಬಿಳಿ ಮೇಣವನ್ನು ಮೆತ್ತಗೆ ಊದಿ ಸರಿಸಿದಾಗ ಅಡಿಯಲ್ಲಿ ಬಿಳಿನೊಣದ ಮರಿಗಳ ಕೋಶಗಳು ಎಲೆಗೆ ಅಂಟಿ ಕುಳಿತಿದ್ದವು. ಕೆಲವು ಹಳದಿ, ಉಬ್ಬಿಕೊಂಡವು. ಅರ್ಧಕ್ಕಿಂತ ಹೆಚ್ಚು ಕಪ್ಪಾಗಿದ್ದವು, ಮತ್ತು ಆ ಕಪ್ಪು ಕೋಶಗಳ ಬೆನ್ನಿನಲ್ಲಿ ಸೂಜಿಯಿಂದ ಚುಚ್ಚಿದಷ್ಟು ದುಂಡಗಿನ ತೂತು. ಅಕ್ಕ ಕನ್ನಡಿ ಕಸಿದುಕೊಂಡು ನೋಡಿ, "ಇದನ್ನು ಯಾರೋ ಒಳಗಿಂದ ತಿಂದು ಹೊರಗೆ ಬಂದಿದ್ದಾರೆ" ಎಂದಳು. ಸರಿಯಾಗಿಯೇ ಹೇಳಿದಳು. ಎನ್ಕಾರ್ಸಿಯಾ ಎಂಬ, ಚುಕ್ಕಿಯಷ್ಟು ಚಿಕ್ಕ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ. ಅದರ ಮರಿ ಬಿಳಿನೊಣವನ್ನು ಒಳಗೇ ಮುಗಿಸಿ, ತೂತು ಕೊರೆದು ಹೊರಬರುತ್ತದೆ. ಅಕ್ಕನ ತೋಟಕ್ಕೆ ಅದನ್ನು ಯಾರೂ ತಂದು ಬಿಟ್ಟಿರಲಿಲ್ಲ, ಬಿಳಿನೊಣದ ಬೆನ್ನು ಹತ್ತಿ ತಾನಾಗಿ ಬಂದಿತ್ತು. ಮರುದಿನ ಮದ್ದು ಹೊಡೆಸಿದ್ದರೆ ಮೊದಲು ಸಾಯುತ್ತಿದ್ದದ್ದು ಈ ಕಣಜವೇ. ಬಿಳಿನೊಣ ಮೇಣದ ಹೊದಿಕೆಯೊಳಗೆ ಉಳಿದು, ಮೂರು ವಾರದಲ್ಲಿ ಮೊದಲಿಗಿಂತ ಜೋರಾಗಿ ಏಳುತ್ತಿತ್ತು.

ಒಂದು ಎಚ್ಚರಿಕೆ. ಕೋಶ ಕಪ್ಪಾಗಿದ್ದರೆ ಸಾಕು ಎಂದುಕೊಳ್ಳಬೇಡಿ. 2019ರಲ್ಲಿ ಮಂಡ್ಯದಲ್ಲಿ ಕಂಡುಬಂದ ಇನ್ನೊಂದು ವಿದೇಶಿ ಬಿಳಿನೊಣದ ಕೋಶಗಳು ಹುಟ್ಟಾ ಕಪ್ಪು, ಅಂಚಿಗೆ ಬಿಳಿ ಮೇಣದ ಜಾಲರಿ. ಕಣಜ ಕೆಲಸ ಮಾಡಿದೆ ಎನ್ನುವುದಕ್ಕೆ ಸಾಕ್ಷಿ ಬಣ್ಣವಲ್ಲ, ದುಂಡಗಿನ ತೂತು.

ತೂತು ಕಂಡರೆ ಮಾಡಬೇಕಾದದ್ದು ಕಡಿಮೆ. ಕೈಗೆಟಕುವ ಮರಗಳ ಗರಿಯ ಅಡಿಗೆ ಪಂಪಿನಿಂದ ಬರಿ ನೀರನ್ನು ರಭಸವಾಗಿ ಹಾಯಿಸಿ. ಮಸಿ ದಟ್ಟವಾಗಿದ್ದರೆ ಶೇಕಡಾ 1ರ ಗಂಜಿ ದ್ರಾವಣ, ಎಂದರೆ 10 ಲೀಟರ್ ನೀರಿಗೆ 100 ಗ್ರಾಂ ಹಿಟ್ಟು ಕಾಯಿಸಿ ಆರಿಸಿದ್ದು, ಸಿಂಪಡಿಸಿ. ಒಣಗಿದ ಗಂಜಿ ಮಸಿಯ ಸಮೇತ ಹಕ್ಕಳೆಯಾಗಿ ಉದುರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಕೀಟ ತಾನೇ ಇಳಿಯುತ್ತದೆ. ತೂತು ಒಂದೂ ಕಾಣದಿದ್ದರೆ ಲೀಟರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕಲಸಿ ಎಲೆಯ ಅಡಿಗೆ ಹೊಡೆಯಿರಿ. ಕಣಜವಿರುವ ತೋಟದಿಂದ ಕಪ್ಪು ಕೋಶಗಳಿರುವ ಗರಿಯ ತುಂಡು ತಂದು ನಿಮ್ಮ ಮರಕ್ಕೆ ಸಿಕ್ಕಿಸಬಹುದು, ಆದರೆ ಈಗಾಗಲೇ ಬಿಳಿನೊಣ ಇರುವ ತೋಟಕ್ಕೆ ಮಾತ್ರ. ಕೀಟವೇ ಇಲ್ಲದ ಊರಿಗೆ ಒಯ್ದರೆ ನೀವೇ ಕೀಟವನ್ನು ಹೊತ್ತುಕೊಂಡು ಹೋದಂತೆ.

ಎತ್ತರದ ಮರಕ್ಕೆ ಸಿಂಪಡಿಸಲು ಈಗ ಎಲ್ಲರ ಮನೆಯಲ್ಲೂ ಕಾರ್ಬನ್ ಫೈಬರ್ ದೋಟಿ ಇದೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಅಲ್ಯೂಮಿನಿಯಂ ಕೂಡ. ತೋಟದ ಮೇಲೆ ಅಥವಾ ಪಕ್ಕದಲ್ಲಿ ಲೈನ್ ಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಬೇಡಿ. ಮಸಿ ಹಿಡಿದ ತೆಂಗಿನ ಮರ ಈ ಕಾರಣಕ್ಕೆ ಸಾಯುವುದು ಬಹಳ ಅಪರೂಪ. ಜೀವ ಪಣಕ್ಕಿಡುವಷ್ಟು ತುರ್ತು ಇಲ್ಲಿಲ್ಲ.

ಲಕ್ಷಣ: ಬೆಳಗಾಗುವಷ್ಟರಲ್ಲಿ ಸಸಿ ಬೋಳು, ಗೋಡೆಯ ಮೇಲೆ ಹೊಳೆಯುವ ಗೆರೆ

ಮಳೆ ಶುರುವಾದ ಹತ್ತು ಹದಿನೈದು ದಿನದಲ್ಲಿ ಈ ದೂರು ಬರುತ್ತದೆ. ದನ, ಕಾಡುಹಂದಿ, ಮಂಗ ಎಂದು ಅವರಿವರ ಮೇಲೆ ಅನುಮಾನಪಡುವ ಮೊದಲು ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೊರಗೆ ಬನ್ನಿ. ಸಸಿಯ ಬುಡ, ಬಾಳೆಯ ದಿಂಡು, ಪಾಗಾರದ ಕಲ್ಲಿನ ಸಂದು, ಪಪ್ಪಾಯಿಯ ಕಾಂಡ ನೋಡಿ. ಉದ್ದ ಶಂಕುವಿನಂಥ, ಕಂದು ಪಟ್ಟೆಗಳ, ಅಂಗೈಗೆ ಭಾರವೆನಿಸುವ ಚಿಪ್ಪು ಹೊತ್ತ ಹುಳು ಕಂಡರೆ ಅದು ಆಫ್ರಿಕದ ದೈತ್ಯ ಶಂಖದ ಹುಳು. ಇದು 1847ರಲ್ಲಿ ಕಲ್ಕತ್ತೆಗೆ ಬಂದದ್ದು. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಪ್ರತಿಯೊಂದೂ ಮೊಟ್ಟೆಯಿಡಬಲ್ಲದು, ಅದೂ ಒಂದು ಸಲಕ್ಕೆ ನೂರಾರು.

ಚಪ್ಪಟೆಯಾಗಿ ದುಂಡಗೆ ಸುತ್ತಿದ ಚಿಪ್ಪಿನವು, ಕೆಂಪು ಮೈಯವು, ಚಿಕ್ಕಚಿಕ್ಕವು ನಮ್ಮ ಘಟ್ಟದವೇ. ಅವು ನಿಮ್ಮ ಸಸಿಯನ್ನು ಬೋಳಿಸಿದ್ದಲ್ಲ. ದಯವಿಟ್ಟು ಅವುಗಳನ್ನು ಬಿಡಿ.

ಕೈಯಿಂದ ಆರಿಸುವುದೇ ಇಂದಿಗೂ ಎಲ್ಲಕ್ಕಿಂತ ಅಗ್ಗದ, ಖಚಿತ ದಾರಿ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರ ಅಡಿಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಹೊರಎಲೆ ಇಡಿ. ಬೆಳಿಗ್ಗೆ ಎತ್ತಿದರೆ ರಾಶಿ ಸಿಗುತ್ತದೆ. ಅವುಗಳನ್ನು ಬಕೆಟ್ಟಿನ ದಟ್ಟ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಆಳ ಗುಂಡಿಯಲ್ಲಿ ಹೂಳಿ. ತೋಟದ ಮಣ್ಣಿಗೇ ಉಪ್ಪು ಎರಚಬೇಡಿ. ಹುಳು ಸಾಯುತ್ತದೆ, ಜೊತೆಗೆ ಬೇರೂ ಸುಡುತ್ತದೆ. ಸಡಿಲ ಮಣ್ಣಿನಲ್ಲಿ, ಗೊಬ್ಬರದಲ್ಲಿ ತಿಳಿಹಳದಿ ಬಣ್ಣದ, ಸಣ್ಣ ಬಟಾಣಿಯಷ್ಟು ಗಾತ್ರದ ಮೊಟ್ಟೆಗಳ ಗೊಂಚಲು ಸಿಕ್ಕರೆ ಅದನ್ನೂ ನಾಶ ಮಾಡಿ. ಒಂದು ಗೊಂಚಲು ತೆಗೆದರೆ ಮುಂದಿನ ತಿಂಗಳ ಎಷ್ಟೋ ರಾತ್ರಿಪಾಳಿ ತಪ್ಪಿದಂತೆ.

ಅಡಿಕೆ, ತೆಂಗಿನ ಸಸಿಯ ಬುಡಕ್ಕೆ ಬೋರ್ಡೋ ಮುಲಾಮು ಬಳಿದರೆ ಹುಳು ಹತ್ತುವುದಿಲ್ಲ, ತಾಮ್ರ ಅದಕ್ಕೆ ಆಗದು. ಮೈಲುತುತ್ತು, ಸುಣ್ಣ ಕಲಸುವುದು ನಮ್ಮ ಸೀಮೆಯ ಪ್ರತಿ ಮನೆಗೂ ಗೊತ್ತಿರುವುದರಿಂದ ಇದು ಸುಲಭ. ಕೊನೆಯ ಅಸ್ತ್ರ ಮೆಟಾಲ್ಡಿಹೈಡ್ ಗುಳಿಗೆ. ಅದನ್ನು ತಿಂದರೆ ನಾಯಿ, ದನ ಸಾಯುತ್ತವೆ. ಬಳಸಲೇಬೇಕಾದರೆ ಹುಳು ಮಾತ್ರ ನುಸುಳುವ ತೂತಿರುವ ಮಡಕೆಯನ್ನು ಬೋರಲಾಗಿ ಹಾಕಿ ಅದರೊಳಗಿಡಿ, ಪೊಟ್ಟಣದ ಮೇಲಿನ ಸೂಚನೆ ಮೀರಬೇಡಿ, ಮಳೆ ಬರುವ ರಾತ್ರಿ ಇಡಬೇಡಿ.

ಬರಿಗೈಯಿಂದ ಈ ಹುಳುವನ್ನು ಮುಟ್ಟಬಾರದು, ಮಕ್ಕಳಿಗೆ ಆಡಲು ಕೊಡಬಾರದು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುವಿನ ಮರಿಗಳು ಇದರ ದೇಹದಲ್ಲಿರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲವು. ಪ್ಲಾಸ್ಟಿಕ್ ಕೈಗವಸು ಅಥವಾ ಇಕ್ಕಳ ಬಳಸಿ, ಸಾಬೂನಿನಿಂದ ಕೈ ತೊಳೆಯಿರಿ, ಹಿತ್ತಲಿನ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ ತಿನ್ನಿ. ಹುಳು ಮುಟ್ಟಿದ ಅಥವಾ ಹಸಿ ಸೊಪ್ಪು ತಿಂದ ಕೆಲವು ವಾರಗಳಲ್ಲಿ ಬಿಡದ ತಲೆನೋವು, ಕುತ್ತಿಗೆ ಬಿಗಿತ, ವಾಂತಿ ಕಂಡರೆ ಆಸ್ಪತ್ರೆಗೆ ಹೋಗಿ, ಈ ಹುಳುವಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ನಮ್ಮ ಮನೆಗೆ ಇದು ಬಂದದ್ದು ಒಂದು ನರ್ಸರಿಯಿಂದ ತಂದ ಹೂವಿನ ಗಿಡಗಳ ಚೀಲದಲ್ಲಿ. ಅಂದಿನಿಂದ ಯಾವ ಸಸಿ ತಂದರೂ ಚೀಲ ಹರಿದು, ಬೇರಿನ ಮಣ್ಣು ಬಿಡಿಸಿ ನೋಡದೆ ನೆಡುವುದಿಲ್ಲ. ಗೊಬ್ಬರದ ಲೋಡು, ಚಿರೆಕಲ್ಲಿನ ಲೋಡು ಬಂದರೂ ಹಾಗೆಯೇ ಮೊದಲು ನೋಡುತ್ತೇವೆ.

ಲಕ್ಷಣ: ತೆಂಗಿನ ಹೊಸ ಗರಿ ಬೀಸಣಿಗೆಯಂತೆ ಕತ್ತರಿಸಿ ಬಿಟ್ಟುಕೊಂಡಿದೆ

ಇದು ಕುರುವಾಯಿ ದುಂಬಿ, ಹೊರಗಿನದಲ್ಲ, ಹಳೆಯ ಪರಿಚಯ. ಮಡಚಿಕೊಂಡಿರುವ ಸುಳಿಯನ್ನು ಕೊರೆದದ್ದು ಗರಿ ಬಿಚ್ಚಿದಾಗ ಸಾಲು ಕತ್ತರಿಯಾಗಿ ಕಾಣುತ್ತದೆ. ದುಂಬಿ ಮರದಲ್ಲಿದ್ದರೂ ಅದರ ಮರಿ ಬೆಳೆಯುವುದು ನಿಮ್ಮ ಗೊಬ್ಬರ ಗುಂಡಿಯಲ್ಲಿ. ಗುಂಡಿ ಕೆದಕಿ ದಪ್ಪ ಬಿಳಿ ಹುಳುಗಳನ್ನು ಕೋಳಿಗೆ ಹಾಕಿ. ಮೆಟಾರೈಜಿಯಂ ಎಂಬ ಉಪಕಾರಿ ಶಿಲೀಂಧ್ರವನ್ನು ಗುಂಡಿಗೆ ಬೆರೆಸಿದರೆ ಉಳಿದವು ಸಾಯುತ್ತವೆ. ಎಳೆ ಮರದ ಸುಳಿಯ ಕಂಕುಳಿಗೆ ಬೇವಿನ ಹಿಂಡಿ, ಮರಳು ಸಮ ಪ್ರಮಾಣದಲ್ಲಿ ಬೆರೆಸಿ ತುಂಬಿ.

ಇದನ್ನು ಹಗುರವಾಗಿ ಬಿಡಬಾರದ ಕಾರಣ ಬೇರೆ. ಕುರುವಾಯಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಕಾಂಡದಲ್ಲಿ ಸಣ್ಣ ತೂತು, ಅದರಿಂದ ಕಂದು ರಸ, ಅಗಿದು ಉಗುಳಿದಂತೆ ನಾರು ಕಂಡರೆ, ಕಾಂಡಕ್ಕೆ ಕಿವಿಯಿಟ್ಟಾಗ ಕರಕರ ಕೊರೆಯುವ ಸದ್ದು ಕೇಳಿದರೆ, ಸ್ವಂತ ಪ್ರಯೋಗ ಅಲ್ಲಿಗೇ ನಿಲ್ಲಿಸಿ ತೋಟಗಾರಿಕೆ ಇಲಾಖೆಯವರನ್ನು ಕರೆಯಿರಿ. ನಡುಸುಳಿಯೇ ಬಾಡಿದ್ದರೆ ಆ ಮರವನ್ನು ಯಾರಿಗೂ ಹತ್ತಲು ಕೊಡಬೇಡಿ, ತಲೆ ಮುರಿದು ಬೀಳುತ್ತದೆ. ಸತ್ತ ಮರವನ್ನು ಕಡಿದು ಅಲ್ಲೇ ಬಿಟ್ಟರೆ ಅದು ಕೇರಿಗೆಲ್ಲ ಹುಳು ಹಂಚುವ ಗೂಡಾಗುತ್ತದೆ. ಸೀಳಿ ಸುಟ್ಟುಬಿಡಿ.

ಲಕ್ಷಣ: ಅಡಿಕೆಯ ಸೋಗೆ ಹಳದಿಯಾಗುತ್ತಿದೆ

ಈ ಒಂದು ಲಕ್ಷಣಕ್ಕೆ ನಾಲ್ಕಾರು ಕಾರಣ, ಅದಕ್ಕೇ ಇಲ್ಲಿ ಗಾಬರಿಯೂ ಹೆಚ್ಚು. ಮೊದಲು ಕಾಲುವೆ ನೋಡಿ. ಮಳೆ ನಿಂತು ವಾರ ಕಳೆದರೂ ಬುಡದಲ್ಲಿ ಗುದ್ದಲಿ ಹಾಕಿದರೆ ನೀರು ಜಿನುಗುತ್ತಿದ್ದರೆ ಬೇರಿಗೆ ಉಸಿರಿಲ್ಲ. ಬಸಿಗಾಲುವೆ ಆಳ ಮಾಡುವುದೇ ಮದ್ದು. ಒಳ್ಳೆಯದೆಂದರೆ, ಶಿರಸಿ ಸೀಮೆಯ ಕಣಿವೆ ತೋಟಗಳಲ್ಲಿ ಹಳದಿಯ ದೂರು ಅನೇಕ ಸಲ ಇಲ್ಲಿಗೇ ಮುಗಿಯುತ್ತದೆ.

ಕಾಲುವೆ ಸರಿಯಿದ್ದರೆ ಬುಡದಿಂದ ಒಂದಡಿ ದೂರ ಅಗೆದು ನೋಡಿ. ಬಾಗಿ ಮಲಗಿದ ಬಿಳಿ ಹುಳು, ಕಡಿದ ಬೇರು ಸಿಕ್ಕರೆ ಬೇರುಹುಳು. ಮುಂಗಾರಿನ ಮೊದಲ ಮಳೆಗಳ ಮುಸ್ಸಂಜೆ ಮಣ್ಣಿನಿಂದ ಏಳುವ ದುಂಬಿಗಳನ್ನು ಊರವರೆಲ್ಲ ಸೇರಿ ಆರಿಸುವುದು ಇದಕ್ಕೆ ದೊಡ್ಡ ತಡೆ.

ಸೋಗೆಯಲ್ಲಿ ಹಳದಿ ಅಂಚಿನ ಕಂದು ಚುಕ್ಕಿಗಳು, ಅವು ಸೇರಿ ಎಲೆ ಒಣಗಿದ್ದರೆ ಎಲೆಚುಕ್ಕಿ ರೋಗ. ಇದು ಶಿಲೀಂಧ್ರ, ಮಳೆಹನಿ ಸಿಡಿದು ಹರಡುತ್ತದೆ. ಹೆಚ್ಚು ಕೆಟ್ಟ ಕೆಳಸೋಗೆಗಳನ್ನು ಕಡಿದು ತೋಟದಿಂದ ಹೊರಗೆ ಸುಡಿ, ಶೇಕಡಾ 1ರ ಬೋರ್ಡೋ ಹೊಡೆಯಿರಿ: 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು, ಸುಣ್ಣ. ಕಲಸಿದ ಮೇಲೆ ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು. ಅದೇ ದ್ರಾವಣ ಹೊಡೆದರೆ ಸಿಂಗಾರ, ಎಳೆಕಾಯಿ ಸುಡುತ್ತವೆ.

ಚುಕ್ಕಿಯಿಲ್ಲದೆ ಕೆಳಗಿನ ಎರಡು ಮೂರು ಸೋಗೆಗಳ ತುದಿಯಿಂದ ಹಳದಿ ಶುರುವಾಗಿ ಒಳಗೆ ಸಾಗುತ್ತಿದ್ದರೆ, ಬೇರಿನ ತುದಿ ಕಪ್ಪಾಗಿದ್ದರೆ, ಕಾಯಿ ಒಡೆದಾಗ ತಿರುಳು ಕಪ್ಪಗೆ ಬೆಂಡಾಗಿದ್ದರೆ ಆಗ ಹಳದಿ ಎಲೆ ರೋಗದ ಅನುಮಾನ ಪಡಬೇಕು. ಕೇರಳದಲ್ಲಿ 1914ರಷ್ಟು ಹಿಂದೆ ವರದಿಯಾದ ಇದು ಶೃಂಗೇರಿ, ಕೊಪ್ಪ, ಸುಳ್ಯದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಜಿಗಿಹುಳುವಿನಿಂದ ಹರಡುತ್ತದೆ. ಗುಣಪಡಿಸುವ ಮದ್ದು ಇಲ್ಲ. ಇದೆ ಎಂದು ಮಾರುವವರಿಂದ ಏನನ್ನೂ ಕೊಳ್ಳಬೇಡಿ. ಕಣ್ಣಿನಿಂದ ನೋಡಿ ಇದನ್ನು ತೀರ್ಮಾನಿಸಲಾಗದು, ಪ್ರಯೋಗಾಲಯದ ಪರೀಕ್ಷೆ ಬೇಕು. ಅಲ್ಲಿಯವರೆಗೆ ಆ ತೋಟದಿಂದ ಸಸಿ, ಬೀಜದ ಅಡಿಕೆ ಯಾರಿಗೂ ಕೊಡಬೇಡಿ. ರೋಗವಿರುವ ತಾಲೂಕುಗಳಿಂದ ಅಗ್ಗವೆಂದು ಸಸಿ ತರಿಸುವುದು ನನ್ನ ಮಟ್ಟಿಗೆ ನೆರೆಯವನ ತೋಟಕ್ಕೆ ಬೆಂಕಿಯಿಡುವ ಕೆಲಸ.

ಲಕ್ಷಣ: ಸೊಪ್ಪಿನ ಬೆಟ್ಟದಲ್ಲಿ ಸೊಪ್ಪಿಲ್ಲ, ಬರೀ ಪೊದೆ

ಸೊಪ್ಪಿನ ಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಹಳೆಯ ಲೆಕ್ಕದ ಬೆಟ್ಟಗಳಲ್ಲಿ ಈಗ ನಡೆಯಲೂ ದಾರಿಯಿಲ್ಲ. ಯಾವ ಪೊದೆ ಎಂದು ಮೊದಲು ತಿಳಿಯಿರಿ. ಕಾಂಡ ಒರಟು, ಮುಳ್ಳು, ಬಣ್ಣಬಣ್ಣದ ಹೂ, ಕಪ್ಪು ಹಣ್ಣು ಇದ್ದರೆ ಲಂಟಾನ. ಎಲೆಯ ಮೇಲೆ ಮೂರು ನರ ಎದ್ದು ಕಂಡು, ತಿಕ್ಕಿದರೆ ಗಾಢ ವಾಸನೆ ಬಂದರೆ ಯುಪಟೋರಿಯಂ, ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಎನ್ನುವುದು. ಎರಡಕ್ಕೂ ಉಪಾಯ ಬೇರೆ.

ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಮಣ್ಣಿನೊಳಗೆ ಎರಡು ಮೂರು ಇಂಚು ಕೆಳಗೆ, ಚಿಗುರೊಡೆಯುವ ಗಂಟಿನ ಅಡಿಯಲ್ಲಿ ತಾಯಿಬೇರನ್ನೇ ಕಡಿದು ಪೊದೆಯನ್ನು ಬುಡಮೇಲಾಗಿ ಇಡಬೇಕು, ಹಣ್ಣಾಗುವ ಮೊದಲು. ಹಕ್ಕಿಗಳು ಕೂರುವ ಮರದಡಿ ಮರುವರ್ಷ ಸಸಿಗಳು ಏಳುತ್ತವೆ, ಅವನ್ನು ಕಿತ್ತರೆ ಮಾತ್ರ ಕೆಲಸ ಮುಗಿದಂತೆ. ಯುಪಟೋರಿಯಂ ಬೀಜ ಗಾಳಿಯಲ್ಲಿ ಹಾರುವುದು ಬೇಸಿಗೆಯ ಆರಂಭದಲ್ಲಿ. ಮಳೆಗಾಲದ ಮೆತ್ತನೆಯ ಮಣ್ಣಿನಲ್ಲಿ ಬೇರುಸಹಿತ ಕೀಳಿ, ಉಳಿದದ್ದನ್ನು ನವೆಂಬರಿನ ಹೂವಿಗೆ ಮೊದಲು ಮುಗಿಸಿ. ಬೆಂಕಿ ಹಾಕಬೇಡಿ, ಅದರಿಂದ ಲಾಭ ಈ ಎರಡು ಕಳೆಗಳಿಗೇ, ಸುಟ್ಟ ಮೇಲೆ ಮೊದಲು ಚಿಗುರುವುದು ಅವೇ. ಬೆಟ್ಟದ ಭೂಮಿ ಅರಣ್ಯದ್ದು, ನಮಗಿರುವುದು ಸೊಪ್ಪಿನ ಹಕ್ಕು. ದೊಡ್ಡ ಪ್ರಮಾಣದಲ್ಲಿ ತೆರವು ಮಾಡುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಲಂಟಾನದ ಸೊಪ್ಪು ತಿಂದ ದನಕ್ಕೆ ಕಣ್ಣು ಹಳದಿಯಾಗಿ, ಬಿಸಿಲಿಗೆ ಮೂತಿಯ ಚರ್ಮ ಸುಲಿದರೆ ಅದನ್ನು ನೆರಳಿಗೆ ಕಟ್ಟಿ ಕೂಡಲೇ ಪಶುವೈದ್ಯರನ್ನು ಕರೆಸಿ.

ರಸ್ತೆ ಬದಿಯ ಕಾಂಗ್ರೆಸ್ ಗಿಡವನ್ನು ಬರಿಗೈಯಿಂದ ಕೀಳಬೇಡಿ, ತುರಿ, ಉಬ್ಬಸ ಎರಡೂ ಬರುತ್ತವೆ. 1955ರಲ್ಲಿ ಪುಣೆಯಲ್ಲಿ ಗುರುತಿಸಿದ ಇದನ್ನು ಕರ್ನಾಟಕ ಸರ್ಕಾರ 1975ರಲ್ಲಿ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಹಾನಿಕಾರಕ ಕಳೆ ಎಂದು ಘೋಷಿಸಿತು. ಆ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಆಮೇಲೆ ಮೆಕ್ಸಿಕೋದಿಂದ ಎಲೆ ತಿನ್ನುವ ದುಂಬಿಯನ್ನು ತರಿಸಬೇಕಾಯಿತು. ಮೊದಲ ಹತ್ತು ಗಿಡ ಕಂಡಾಗಲೇ ಯಾರಾದರೂ ಹೇಳಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಲಕ್ಷಣ: ಇದ್ಯಾವುದಕ್ಕೂ ಹೊಂದುವುದಿಲ್ಲ, ಇಂಥದ್ದನ್ನು ನೋಡಿಯೇ ಇಲ್ಲ

ಹಾಗಿದ್ದರೆ ನಿಮ್ಮ ಕೈಯಲ್ಲಿರುವುದು ಬಹಳ ಬೆಲೆಯುಳ್ಳ ಮಾಹಿತಿ. 2018ರಲ್ಲಿ ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಸಿಕ್ಕಿದ್ದು ಪಕ್ಕದ ಶಿವಮೊಗ್ಗದಲ್ಲಿ, ಹೊಲಕ್ಕಿಳಿದು ನೋಡಿದವರ ಕಣ್ಣಿಗೆ. ಸಿಂಪಡಿಸಬೇಡಿ, ಗಿಡ ಕೀಳಬೇಡಿ. ಎಲೆಯ ಮೇಲೆ, ಅಡಿ, ಇಡೀ ಗಿಡ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಹತ್ತಿರದಿಂದ, ಹೀಗೆ ನಾಲ್ಕು ಫೋಟೋ ತೆಗೆಯಿರಿ. ನಾಲ್ಕಾರು ಹುಳುಗಳನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿದ ಬಾಟಲಿಗೆ ಹಾಕಿ. ಜೀವಂತವಾಗಿ ಬಸ್ಸಿನಲ್ಲಿ ಒಯ್ಯಬೇಡಿ, ಪಕ್ಕದ ಊರಿನವರಿಗೆ ತೋರಿಸಲೆಂದೂ ಒಯ್ಯಬೇಡಿ.

ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲೂಕಿನ ತೋಟಗಾರಿಕೆ ಕಚೇರಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಇವುಗಳಲ್ಲಿ ಯಾವುದಕ್ಕಾದರೂ ಕೊಡಿ. ದೂರವಾದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ವಾರ ಕಳೆದರೂ ಯಾರೂ ಬಾರದಿದ್ದರೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಟಲಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಲಿ, ಪೆನ್ನಿನ ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ. ಚೀಟಿಯಲ್ಲಿ ಊರು, ಸರ್ವೆ ನಂಬರ್, ಮೊದಲು ಕಂಡ ತಾರೀಖು, ಯಾವ ಗಿಡದ ಮೇಲೆ, ಎಷ್ಟು ಗಿಡಗಳಲ್ಲಿ, ಮತ್ತು ಆರು ತಿಂಗಳೊಳಗೆ ಹೊರಗಿನಿಂದ ಸಸಿ, ಮಣ್ಣು, ಗೊಬ್ಬರ ಏನಾದರೂ ತರಿಸಿದ್ದರೆ ಎಲ್ಲಿಂದ ಎಂಬುದು.